ತುಕ್ಕನ್ನು ನಂಬಬೇಡ, ತೇಯ್ದದ್ದನ್ನು ನೋಡು

ಮಗಾ,

ಹೋದ ಭಾನುವಾರ ಜಗಲಿಯ ಮೇಲೆ ಕೂತು, ಹಳೇ ಪಂಚೆಯ ತುಂಡು ಬಿಚ್ಚಿ ಆ ಬಾಕನ್ನು ನನ್ನ ಕೈಗಿಟ್ಟು, "ದೊಡ್ಡಪ್ಪಾ, ಇದು ಅಸಲಿಯಾ?" ಅಂತ ನೀನು ಕೇಳಿದೆ. ಮನೆ ತುಂಬ ನೆಂಟರು. ಹದಿನಾಲ್ಕು ಸಾವಿರ ಕೊಟ್ಟು ತಂದ ವಸ್ತುವಿನ ಬಗ್ಗೆ ನಾಲ್ಕು ಜನರ ಎದುರು ಬಾಯಿ ಬಿಡುವುದು ಬೇಡ ಎನಿಸಿ ಸುಮ್ಮನಾದೆ. ಕಳಸದ ಕಡೆಯ ತೋಟದ ಮನೆಯಿಂದ ಬಂದದ್ದು, 1907ರ ಇಂಗ್ಲಿಷರ ಕಮಾಂಡೋ ಬಾಕು ಎಂದು ಮಾರಿದವರು ಹೇಳಿದರೆಂದು ನೀನು ಹೇಳಿದೆ. ಅವರ ಬಳಿಯೇ ಟಿಪ್ಪು ಕಾಲದ ಕಠಾರಿಯೊಂದಿದೆ, ಅರವತ್ತು ಸಾವಿರ ಹೇಳುತ್ತಿದ್ದಾರೆ, ಮುಂಗಡ ಕೊಡಲಾ ಎಂದೂ ಕೇಳಿದೆ. ನಿನ್ನ ಬಾಕಿನ ಬಗ್ಗೆ ನನ್ನ ತೀರ್ಮಾನವನ್ನು ಕೊನೆಯಲ್ಲಿ ಹೇಳುತ್ತೇನೆ. ಮುಂಗಡ ಕೊಡುವ ಮುಂಚೆ ಈ ನಾಲ್ಕು ಮಾತು ಓದು.

ನಾವಿರುವುದು ವಸ್ತಾರೆಯಲ್ಲಿ ಎಂಬುದನ್ನು ಮೊದಲು ನೆನಪಿಟ್ಟುಕೋ. ಆಷಾಢದ ಮಳೆ ಹಿಡಿದರೆ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಬರುವ ಸೀಮೆ ಇದು. ಸಂತೆಯಲ್ಲಿ ತಂದ ಹೊಸ ಕತ್ತಿಯನ್ನು ಮುಂಗಾರಿನಲ್ಲಿ ಕೊಟ್ಟಿಗೆಯ ಗಳಕ್ಕೆ ಸಿಕ್ಕಿಸಿ ಮರೆತುಬಿಡು. ದೀಪಾವಳಿಗೆ ತೆಗೆದರೆ ಮುತ್ತಜ್ಜನ ಕಾಲದ್ದೆಂದು ಯಾರಿಗಾದರೂ ನಂಬಿಸಬಹುದು. ಅಡುಗೆಮನೆಯ ಅಟ್ಟದ ಮೇಲೆ ಎರಡು ವರ್ಷ ಹೊಗೆ ಕುಡಿದರೆ ಹಿಡಿಯ ಮರಕ್ಕೂ ನೂರು ವರ್ಷದ ಕಪ್ಪು ಬರುತ್ತದೆ. ಹಾಗಾಗಿ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಸಿಕ್ಕ ಕಬ್ಬಿಣದ ವಯಸ್ಸಿಗೆ ತುಕ್ಕು ಸಾಕ್ಷಿ ಹೇಳಲಾರದು. ಹೊಸಬರು ಎಡವುವುದು ಇಲ್ಲೇ. ತುಕ್ಕು ಕಂಡ ಕೂಡಲೇ ಕೈ ಜೇಬಿಗೆ ಹೋಗುತ್ತದೆ.

ತುಕ್ಕಿನಲ್ಲೂ ವ್ಯತ್ಯಾಸವಿದೆ, ಅದನ್ನು ಕಲಿ. ಹಳೇ ತುಕ್ಕು ಕಂದು ದಾಟಿ ಕಪ್ಪಿಗೆ ತಿರುಗಿರುತ್ತದೆ, ಕಬ್ಬಿಣಕ್ಕೆ ಅಂಟಿಕೊಂಡು ಗಟ್ಟಿಯಾಗಿರುತ್ತದೆ, ಬೆರಳಿಗೆ ಹತ್ತುವುದಿಲ್ಲ. ಅದು ತಿಂದ ಗುಳಿಗಳು ಒಂದು ಕಡೆ ಆಳ, ಒಂದು ಕಡೆ ತೆಳು. ಒರೆಯೊಳಗೆ ನೀರು ನಿಂತ ಕಡೆ ಹೆಚ್ಚು, ಎಣ್ಣೆ ಕಂಡ ಕಡೆ ಕಡಿಮೆ. ಆಸಿಡ್ಡಿನಲ್ಲೋ ಉಪ್ಪುನೀರಿನಲ್ಲೋ ಅದ್ದಿ ಬರಿಸಿದ ತುಕ್ಕು ಕಿತ್ತಳೆ ಬಣ್ಣದ ಹುಡಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಬಿಡುತ್ತದೆ, ಅಲಗಿನ ಉದ್ದಕ್ಕೂ ಒಂದೇ ಸಮನಾಗಿ ಸಿಡುಬಿನ ಕಲೆಯ ಹಾಗೆ ಹರಡಿರುತ್ತದೆ. ಇಷ್ಟು ತಿಳಿದರೂ ತುಕ್ಕೊಂದನ್ನೇ ನೆಚ್ಚಿಕೊಂಡು ತೀರ್ಮಾನಕ್ಕೆ ಬರಬೇಡ.

ನೋಡಬೇಕಾದ್ದು ತೇಯ್ದದ್ದನ್ನು. ತೋಟದ ಮರದ ಕೊಂಬೆ ಸವರಲು ಬಳಸುತ್ತಿದ್ದ ನಿಮ್ಮಜ್ಜನ ಮರಗಸಿ ಕತ್ತಿ ಕಣಜದ ಗೋಡೆಗೆ ಇನ್ನೂ ನೇತಾಡುತ್ತಿದೆ. ಒಮ್ಮೆ ಕೈಯಲ್ಲಿ ಹಿಡಿ. ಮಸೆಗಲ್ಲಿಗೆ ಉಜ್ಜಿ ಉಜ್ಜಿ ಬಾಯಿಯ ನಡುಭಾಗ ಒಳಗೆ ಹೋಗಿದೆ, ಬುಡದ ಎರಡು ಬೆರಳಗಲ ಮಾತ್ರ ಮೊದಲಿನ ಅಗಲದಲ್ಲೇ ಉಳಿದಿದೆ, ಯಾಕೆಂದರೆ ಹಿಡಿ ಅಡ್ಡ ಬಂದು ಕಲ್ಲು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹಿಡಿಯ ಮೇಲೆ ಹೆಬ್ಬೆರಳು ಕೂರುವ ಕಡೆ ಸಣ್ಣ ತಗ್ಗು. ಅಜ್ಜ ಎಡಚ, ಹಾಗಾಗಿ ಆ ತಗ್ಗು ಎಡಗೈಗೆ ಕೂರುತ್ತದೆ, ನಿನ್ನ ಬಲಗೈಗೆ ಒಗ್ಗುವುದಿಲ್ಲ. ಮೂವತ್ತು ವರ್ಷ ತೋಟದ ಮರ ಹತ್ತಿದ ಮನುಷ್ಯನ ಕೈ ಆ ಕತ್ತಿಯೊಳಗೆ ಹಾಗೇ ಇದೆ. ಬಳಕೆಗೆ ಒಂದು ಕಾರಣ ಇರುತ್ತದೆ, ಸವೆತಕ್ಕೆ ಒಂದು ಜಾಗ ಇರುತ್ತದೆ. ಬಾಕಿನಲ್ಲಾದರೆ ಒರೆಯ ಬಾಯಿಗೆ ತಾಗುವ ಅಲಗಿನ ಪಕ್ಕ, ಅಂಗೈ ಮುಟ್ಟುವ ಉಬ್ಬು, ಸೊಂಟಪಟ್ಟಿಗೆ ಉಜ್ಜುವ ಒರೆಯ ಹಿಂಬದಿ ಇವೇ ಸವೆಯಬೇಕು. ಕೈ ಹೋಗದ ಸಂದಿನಲ್ಲಿ ಕೆತ್ತನೆ ಸವೆದು, ಕೈ ತಾಗುವ ಉಬ್ಬಿನಲ್ಲಿ ಹೊಸದರಂತೆ ನಿಂತಿದ್ದರೆ ಅಲ್ಲಿ ಕೆಲಸ ಮಾಡಿದ್ದು ಕಾಲವಲ್ಲ, ಮರಳು ಕಾಗದ.

ಇದನ್ನು ನಾನು ಪುಸ್ತಕ ಓದಿ ಕಲಿತವನಲ್ಲ, ದುಡ್ಡು ಕೊಟ್ಟು ಕಲಿತೆ. ನಿನ್ನ ವಯಸ್ಸಿನಲ್ಲಿ, 1978ರಲ್ಲಿ, ಬೆಂಗಳೂರಿಗೆ ಹೋದಾಗ ಹಳೇ ಸಾಮಾನಿನ ವ್ಯಾಪಾರಿಯೊಬ್ಬನ ಬಳಿ ಟಿಪ್ಪು ಸುಲ್ತಾನನದ್ದೆಂದು ಒಂದು ಬಾಕು ಕೊಂಡೆ. ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುತ್ತಿದ್ದ ನನಗೆ ಅದು ಮೂರು ತಿಂಗಳ ಸಂಬಳ. ಅಲಗಿನ ಮೇಲೆ ಹುಲಿಪಟ್ಟೆ, ಹಿಡಿಯ ತುದಿಗೆ ಹುಲಿಯ ತಲೆ, ಬುಡದಲ್ಲಿ 1799 ಎಂದು ಅಂಕಿ. ಊರಿಗೆಲ್ಲ ತೋರಿಸಿದೆ. ಆಯುಧಪೂಜೆಯಲ್ಲಿ ಕೋವಿಯ ಪಕ್ಕ ಇಟ್ಟು ಹೂ ಏರಿಸಿದೆ. ಎರಡು ವರ್ಷ ಕಳೆದು, ವಸ್ತುಸಂಗ್ರಹಾಲಯವೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಹಿರಿಯರೊಬ್ಬರು ಮದುವೆಗೆಂದು ನಮ್ಮ ಕಡೆ ಬಂದಿದ್ದರು. ಅವರ ಕೈಗೆ ಅದನ್ನು ಕೊಟ್ಟೆ. ಒಂದು ನಿಮಿಷ ಆ ಕಡೆ ಈ ಕಡೆ ತಿರುಗಿಸಿದರು. "ಟಿಪ್ಪು ಇಂಗ್ಲಿಷ್ ಅಂಕಿಯಲ್ಲಿ ಇಸವಿ ಬರೆಸುತ್ತಿದ್ದನೇನಪ್ಪಾ?" ಎಂದು ಮೆಲ್ಲಗೆ ಕೇಳಿದರು. ಅಷ್ಟೇ. ನನ್ನ ಕಾಲಕೆಳಗಿನ ನೆಲ ಕುಸಿಯಿತು.

ಟಿಪ್ಪು ತನ್ನ ಆಳ್ವಿಕೆಯಲ್ಲಿ ಮೌಲೂದಿ ಎಂಬ ಹೊಸ ಶಕೆ ತಂದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅವನ ನಾಣ್ಯ ನೋಡಿದರೂ, ಕೋವಿಯ ನಳಿಗೆ ನೋಡಿದರೂ ವರ್ಷ 1200ರ ಸಾಲಿನದ್ದು, ಲಿಪಿ ಪಾರಸಿಯದ್ದು. 1799 ಎಂಬುದು ಶ್ರೀರಂಗಪಟ್ಟಣ ಬಿದ್ದ ವರ್ಷ. ಆ ಮೇ 4ರಂದು ಅವನು ಸತ್ತ. ಶಾಲೆಯ ಪಾಠದಲ್ಲಿ ಎಲ್ಲರಿಗೂ ನೆನಪುಳಿಯುವ ಇಸವಿಯೆಂದೇ ನಕಲು ಮಾಡಿದವನು ಅದನ್ನು ಆರಿಸಿಕೊಂಡಿದ್ದ. ಆಮೇಲೆ ಉಳಿದದ್ದೂ ಒಂದೊಂದಾಗಿ ಕಂಡಿತು. ಎರಡು ಕಡೆಯ ಹುಲಿಪಟ್ಟೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಚ್ಚಿನವು. ಕೈಯಲ್ಲಿ ಕೊರೆದವನಿಗೆ ಅದು ಸಾಧ್ಯವೇ ಇಲ್ಲ. ದಂತ ಎಂದು ಹೇಳಿದ್ದ ಹಿಡಿ ಮೂಳೆ, ಅದರ ಹಳದಿ ಬಣ್ಣ ಡಿಕಾಕ್ಷನ್ನಿನದು. ಕಾಫಿ ಬೆಳೆಯುವ ಊರಿನವನಾಗಿ ಕಾಫಿಯ ಕಲೆಯನ್ನೇ ಗುರುತು ಹಿಡಿಯಲಾಗದ್ದು ನನಗೆ ಇವತ್ತಿಗೂ ನೋವು. ಆ ಬಾಕನ್ನು ಎಸೆಯಲಿಲ್ಲ. ಪೆಟ್ಟಿಗೆಯಲ್ಲಿದೆ. ನೀನು ಬಂದರೆ ಮೊದಲ ಪಾಠಕ್ಕೆ ಅದನ್ನೇ ಕೊಡುತ್ತೇನೆ.

ಈಗ ಅಂಥ ಆಸೆ ಇನ್ನೂ ಹೆಚ್ಚಾಗಿದೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೊನಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಆ ಸುದ್ದಿ ಬಂದಮೇಲೆ ಟಿಪ್ಪು ಕಾಲದ್ದು ಎಂಬ ಮಾತು ಎಲ್ಲರ ಬಾಯಲ್ಲೂ ಓಡಾಡುತ್ತಿದೆ. ಆದರೆ ಆ ಬೆಲೆ ಬರೀ ಉಕ್ಕಿಗೆ ಬಂದದ್ದಲ್ಲ ಎಂಬುದನ್ನು ತಿಳಿ. ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಖಂಡ ಡೇವಿಡ್ ಬೇರ್ಡ್‌ಗೆ ಅದನ್ನು ಕೊಟ್ಟದ್ದಕ್ಕೆ ಬರಹದ ದಾಖಲೆ ಇತ್ತು. ಕೈಯಿಂದ ಕೈಗೆ ಬಂದ ದಾರಿ ಕಾಗದದ ಮೇಲಿತ್ತು. ನಿನಗೆ ಮಾರುವವನು ಆ ದಾರಿ ತೋರಿಸಲಿ. ಕಾಗದವಿಲ್ಲದೆ ರಾಜರ ಹೆಸರು ಹೇಳಿದರೆ, ಆ ಹೆಸರಿಗೆ ಒಂದು ಕಾಸೂ ಕೊಡಬೇಡ. ಕೊಡುವುದಾದರೆ ಕಬ್ಬಿಣಕ್ಕೆ, ಕೆಲಸಗಾರಿಕೆಗೆ ಕೊಡು.

ಇನ್ನು ಕಣ್ಣನ್ನು ಪಳಗಿಸುವುದು ಹೇಗೆ ಎಂಬ ವಿಷಯ. ಅದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಸುತ್ತಲಿನ ಊರುಗಳ ಗದ್ದೆಯ ಅಂಚಿನಲ್ಲಿ, ಗುಡಿಯ ಹಿಂದೆ ನಿಂತ ವೀರಗಲ್ಲುಗಳನ್ನು ನೋಡು. ವೀರನ ಕೈಯಲ್ಲಿ ಏನಿದೆ, ಸೊಂಟದಲ್ಲಿ ಏನು ಸಿಕ್ಕಿಸಿದ್ದಾನೆ, ಅಲಗು ನೇರವೋ ಬಾಗಿದೆಯೋ ಎಂದು ಬರೆದುಕೋ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಹೊಯ್ಸಳರ ಮೂಲಸ್ಥಾನ. ಹುಲಿಯನ್ನು ಇರಿಯುವ ಸಳನ ಲಾಂಛನ ಹುಟ್ಟಿದ ಕತೆ ಅಲ್ಲಿಯದೇ. ಅಲ್ಲಿಂದ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭದ ಮುಂದೆ ಅರ್ಧ ಗಂಟೆ ನಿಲ್ಲು. ಎರಡನೆಯ ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರಲಕ್ಷ್ಮ ಮತ್ತು ಅವನ ಸಂಗಡಿಗರ ಕಂಬ ಅದು. ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುವ ವೀರರನ್ನು ಅದರಲ್ಲಿ ಕೆತ್ತಿದ್ದಾರೆ. ಎಂಟು ನೂರು ವರ್ಷದ ಹಿಂದೆ ಈ ನೆಲದ ಕೈಯಲ್ಲಿದ್ದ ಅಲಗು ಹೇಗಿತ್ತೆಂದು ಕಲ್ಲಿಗಿಂತ ಪ್ರಾಮಾಣಿಕವಾಗಿ ಯಾರೂ ಹೇಳಲಾರರು. ಹೊಯ್ಸಳರ ಕಾಲದ್ದೆಂದು ಯಾರಾದರೂ ಒಂದು ಬಾಕು ತಂದರೆ, ಅದರ ಆಕಾರ ಯಾವ ಕಲ್ಲಿನಲ್ಲಿದೆ ಎಂದು ಕೇಳು.

ಕಠಾರಿಯ ವಿಷಯಕ್ಕೆ ಬಂದರೆ, ವಿಜಯನಗರದ ಸಾಳುವರಿಗೆ 'ಕಠಾರಿ ಸಾಳುವ' ಎಂಬ ಬಿರುದೇ ಇತ್ತು. ಎರಡು ಪಟ್ಟಿಯ ನಡುವೆ ಅಡ್ಡಹಿಡಿ, ಮುಷ್ಟಿ ಕಟ್ಟಿ ಮುಂದಕ್ಕೆ ಚುಚ್ಚುವ ಆಯುಧ ಅದು. ದಕ್ಷಿಣದ ಹಳೇ ಕಠಾರಿಗಳಲ್ಲಿ ಮುಷ್ಟಿಯ ಬೆನ್ನಿಗೆ ಚಿಪ್ಪಿನಂಥ ಮರೆ ಇರುತ್ತಿತ್ತು. ಅಲಗನ್ನು ಎಷ್ಟೋ ಸಲ ಯೂರೋಪಿನ ಮುರಿದ ಖಡ್ಗದಿಂದ ಮಾಡಿ ರಿವೆಟ್ ಹೊಡೆದು ಕೂರಿಸುತ್ತಿದ್ದರು. ಹಾಗಾಗಿ ಅಲಗಿನ ಮೇಲೆ ಪರದೇಶದ ಗುರುತು ಕಂಡಿತೆಂದು ನಕಲಿ ಅನ್ನಬೇಡ. ಅಸಲಿತನದ ಗುರುತೂ ಆಗಿರಬಹುದು. ಚುಚ್ಚುವ ಕಠಾರಿಯಾದರೆ ಮೊನೆ ದಪ್ಪವಿರಬೇಕು, ಯಾಕೆಂದರೆ ಕವಚ ಸೀಳಬೇಕಿತ್ತು. ಮೊನೆ ತಗಡಿನ ಹಾಗೆ ತೆಳ್ಳಗಿದ್ದು, ಹಿಡಿಯ ಸಂದಿಗೆ ನಿನ್ನ ಕೈಯೇ ತೂರದಿದ್ದರೆ, ಅದು ಗೋಡೆಯ ಅಲಂಕಾರಕ್ಕೆಂದು ಮಾಡಿದ್ದು. ರಾಜಸ್ಥಾನದ ಉದಯಪುರ, ಜೈಪುರದ ಕಡೆ ಇಂಥವನ್ನು ಹೊಸದಾಗಿ ಮಾಡುವ ಒಳ್ಳೊಳ್ಳೆ ಕುಶಲಕರ್ಮಿಗಳಿದ್ದಾರೆ. ಹೊಸದೆಂದೇ ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ಹಳೇದೆಂದು ಮಾರುವ ಬಾಯಿ ಮಾತ್ರ ಕೆಟ್ಟದ್ದು.

ನಮಗೆ ಹತ್ತಿರದ ಇನ್ನೊಂದು ಪಾಠಶಾಲೆ ಕೊಡಗು. ಸೊಂಟದ ಮುಂದೆ ಚೇಲೆ ಎಂಬ ಕೆಂಪು ನಡುಪಟ್ಟಿಗೆ ಸಿಕ್ಕಿಸುವ ಪೀಚೆಕತ್ತಿ, ಬೆನ್ನ ಹಿಂದೆ ತೋಡಂಗ್ ಎಂಬ ಕೊಂಡಿಗೆ ತೂಗುವ ಒಡಿಕತ್ತಿ ಎರಡನ್ನೂ ನೀನು ಮದುವೆಗಳಲ್ಲಿ ಕಂಡಿದ್ದೀ. ಒಡಿಕತ್ತಿಯ ಹರಿತ ಒಳಬಾಗಿನಲ್ಲಿ, ತೂಕ ಮೊನೆಯ ಕಡೆ. ಅದಕ್ಕೆ ಒರೆ ಇಲ್ಲ. 1837ರ ದಂಗೆಯ ಕಾಲದಲ್ಲಿ ಕಂಪನಿ ಸರಕಾರ ಕೊಡವರಿಗೆ ಕೊಟ್ಟ ಪದಕದ ಮೇಲೆ ಕೊಡವ ಯೋಧನ ಚಿತ್ರವಿದೆ. ಇಸವಿ ಗೊತ್ತಿರುವ ಅಂಥ ಚಿತ್ರಗಳನ್ನು ಹುಡುಕಿ ನೋಡು. ಪೀಚೆಕತ್ತಿ ಇವತ್ತಿಗೂ ಬಳಕೆಯಲ್ಲಿರುವ, ಇವತ್ತಿಗೂ ಮಾಡುತ್ತಿರುವ ವಸ್ತು. ಅದರಲ್ಲಿ ಹೊಸದು ಇದ್ದರೆ ಅದು ಸಂಪ್ರದಾಯವೇ ಹೊರತು ನಕಲಿಯಲ್ಲ. ಹೊಸದಕ್ಕೆ ಹಳೇ ಬೆಲೆ ಕಟ್ಟುವಲ್ಲಿ ಮಾತ್ರ ಮೋಸ. ಹಳೇ ಪೀಚೆಕತ್ತಿಯ ಬೆನ್ನು ದಪ್ಪ, ಬಾಯಿಯ ಕಡೆಗೆ ಇಳಿಜಾರು; ಕುಲುಮೆಯಲ್ಲಿ ಬಡಿದವನ ಸುತ್ತಿಗೆ ಅದನ್ನು ಹಾಗೆ ಇಳಿಸಿರುತ್ತದೆ. ಹೊಸ ಅಗ್ಗದ್ದು ಹಾಳೆಯಿಂದ ಕತ್ತರಿಸಿದ್ದು, ಬೆನ್ನೂ ಬಾಯಿಯೂ ಒಂದೇ ದಪ್ಪ. ಹಳೇ ಬೆಳ್ಳಿಯ ಸರಪಳಿಯಲ್ಲಿ ಒಂದೊಂದು ಕೊಂಡಿಯನ್ನೂ ಬೇರೆಬೇರೆಯಾಗಿ ಬೆಸೆದಿರುತ್ತಾರೆ. ಕೊಂಡಿ ಕೊಂಡಿ ತಾಗುವ ಒಳಮೈ ಸವೆದು ತೆಳ್ಳಗಾಗಿರುತ್ತದೆ. ನೂರು ಮದುವೆ, ನೂರು ಹಬ್ಬ ಕಂಡ ಸರಪಳಿ ಹಾಗೇ ಇರಬೇಕು.

ಈಗ ನೋಡುವ ಕ್ರಮ ಹೇಳುತ್ತೇನೆ. ಮೊದಲು ಭೂತಗನ್ನಡಿ ಹಿಡಿಯಬೇಡ, ಕೈಯಲ್ಲಿ ಹಿಡಿ. ಇರಿಯಲು, ಕಡಿಯಲು ಮಾಡಿದ ಆಯುಧ ಕೈಗೆ ಕೂರಲೇಬೇಕು. ಯಾರ ಜೀವವೋ ಅದರ ಮೇಲೆ ನಿಂತಿತ್ತು. ಹಿಡಿಯಲ್ಲಿ ತೂಕ ಹೆಚ್ಚಾಗಿ ಅಲಗು ಗಿಲಕಿಯಂತೆ ಅಲ್ಲಾಡಿದರೆ ಅಲ್ಲೇ ಅನುಮಾನ ಪಡು. ಆಮೇಲೆ ಅಲಗು ಹಿಡಿಗೆ ಸೇರುವ ಜಾಗ. ನಮ್ಮ ದೇಶದ ಹಳೇ ಬಾಕು, ಖಡ್ಗಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ಕರಗಿಸಿ ಕೂರಿಸುತ್ತಿದ್ದರು. ಸಂದಿನಲ್ಲಿ ಕಂದುಗಪ್ಪಿನ, ಬಿರುಕು ಬಿಟ್ಟ ಅರಗು ಕಂಡರೆ ಒಳ್ಳೆಯ ಲಕ್ಷಣ. ಗಾಜಿನಂತೆ ಹೊಳೆಯುವ ಈಗಿನ ಅಂಟು ಕಂಡರೆ, ಒಂದೋ ಹೊಸದು, ಇಲ್ಲವೇ ರಿಪೇರಿ ಆದದ್ದು. ಯಾವುದೆಂದು ಕೇಳು. ತಿರುಪುಮೊಳೆ ಇದ್ದರೆ ಅದರ ತಲೆ ನೋಡು. ಕೂಡಿಸುವ ಚಿಹ್ನೆಯಂಥ ಗೀರಿನ ಫಿಲಿಪ್ಸ್ ಮೊಳೆ ಬಂದದ್ದು 1930ರ ದಶಕದಲ್ಲಿ. ಸಣ್ಣ ಮೊಳೆಯೊಂದು ದೊಡ್ಡ ಕತೆಯನ್ನು ಮುಗಿಸಿಬಿಡುತ್ತದೆ.

ಮೂರನೆಯದಾಗಿ ಗುರುತುಗಳು. ಅಚ್ಚು ಇಟ್ಟು ಸುತ್ತಿಗೆಯಲ್ಲಿ ಹೊಡೆದ ಗುರುತಿನ ಅಂಚಿನಲ್ಲಿ ಲೋಹ ಸ್ವಲ್ಪ ಮೇಲೆದ್ದಿರುತ್ತದೆ, ಆಳ ಎಲ್ಲ ಕಡೆ ಒಂದೇ ಇರುವುದಿಲ್ಲ. ಎರಕದಲ್ಲಿ ಬಂದ ಗುರುತಿನ ಅಂಚು ಸೋಪು ಕರಗಿದ ಹಾಗೆ ಮೊಂಡು. ಲೇಸರಿನಲ್ಲಿ ಸುಟ್ಟದ್ದು ಒಂದೇ ಆಳ, ತಳ ಒರಟು. ಚಿನ್ನದ ಕುಸುರಿ ಇದ್ದರೆ ಚಿನ್ನ ಕಿತ್ತುಹೋದ ಜಾಗವನ್ನು ಭೂತಗನ್ನಡಿಯಲ್ಲಿ ನೋಡು. ನಿಜವಾದ ಕೆಲಸದಲ್ಲಿ ಉಕ್ಕಿನ ಮೈಮೇಲೆ ಅಡ್ಡಡ್ಡ ಉದ್ದುದ್ದ ಸಣ್ಣ ಗೀರು ಹಾಕಿ, ಅದರ ಮೇಲೆ ಚಿನ್ನದ ತಂತಿಯನ್ನು ಬಡಿದು ಹಿಡಿಸಿರುತ್ತಾರೆ. ಆ ಗೀರು ಚಿನ್ನ ಹೋದಮೇಲೂ ಉಳಿಯುತ್ತದೆ. ಬಣ್ಣ ಬಳಿದದ್ದರ ಕೆಳಗೆ ನುಣ್ಣನೆಯ ತಗಡು ಬಿಟ್ಟು ಬೇರೇನೂ ಇರದು.

ನಾಲ್ಕನೆಯದು ಉಕ್ಕು. ಇದು ನಮ್ಮ ಮಾತು, ನಮ್ಮ ಹೆಮ್ಮೆ. ಜಗತ್ತು ವೂಟ್ಜ್ ಎಂದು ಕರೆಯುವ ಮೂಸೆಯ ಉಕ್ಕಿನ ಹೆಸರು ನಮ್ಮ 'ಉಕ್ಕು' ಎಂಬ ಪದದಿಂದಲೇ ಬಂದದ್ದೆಂದು ಬಲ್ಲವರು ಹೇಳುತ್ತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಟ್ಟಿಗೆ, ಹಸಿ ಎಲೆ ಇಟ್ಟು ಕಾಯಿಸಿ ಉಕ್ಕು ತೆಗೆಯುವುದನ್ನು ಬರೆದಿಟ್ಟಿದ್ದಾನೆ. ಆ ಉಕ್ಕಿನ ಅಲಗಿನ ಮೇಲೆ ಹೊಳೆಯ ನೀರು ಅಲೆಯುವಂಥ ನೆರಿಗೆ ಮೂಡುತ್ತದೆ. ಆ ನೆರಿಗೆ ಉಕ್ಕಿನ ಮೈಯೊಳಗಿನದು. ಉಜ್ಜಿದರೆ ಮರೆಯಾದರೂ, ಬಲ್ಲವರು ಹದವಾಗಿ ತೆಳು ಆಸಿಡ್ ಸವರಿದರೆ ಮತ್ತೆ ಏಳುತ್ತದೆ, ಬಾಯಿಯ ಅಂಚಿನವರೆಗೂ ಹರಿದಿರುತ್ತದೆ. ಮೇಲೆ ಅಚ್ಚೊತ್ತಿದ ನೆರಿಗೆ ಒಮ್ಮೆ ಹೋದರೆ ಹೋದದ್ದೇ. ಈಗ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ನೆರಿಗೆ ತರಿಸುವವರೂ ಇದ್ದಾರೆ. ಅದರ ಗೆರೆಗಳು ಮರದ ಹಲಗೆಯ ಎಳೆಯಂತೆ ಸಾಲಾಗಿ, ಒಂದೇ ಕ್ರಮದಲ್ಲಿ ಮರಳುತ್ತವೆ. ಈ ಪರೀಕ್ಷೆಯನ್ನು ಮಾತ್ರ ನೀನು ಮನೆಯಲ್ಲಿ ಮಾಡಲು ಹೋಗಬೇಡ. ಆಸಿಡ್ ಬಾಟಲಿ ಹಿಡಿದ ಹುಡುಗರು ಹಾಳು ಮಾಡಿದ ಒಳ್ಳೆಯ ಅಲಗುಗಳನ್ನು ನಾನು ಕಂಡಿದ್ದೇನೆ.

ಕೊನೆಗೆ ಯುದ್ಧದ ಸಾಮಾನು. ನಮ್ಮ ತೋಟಗಳ ಕಡೆ ರಾಜರ ಕಠಾರಿಗಿಂತ ಇವೇ ಹೆಚ್ಚು ಸಿಗುವುದು. ಎರಡು ಮಹಾಯುದ್ಧಗಳಾದ ಮೇಲೆ ಸೇನೆಯ ಹಳೇ ಸಾಮಾನು ಹರಾಜಾಗಿ, ಬಿಡುಗಡೆಯಾದ ಸಿಪಾಯಿಗಳ ಟ್ರಂಕಿನಲ್ಲಿ, ಬಿಳಿಯ ದೊರೆಗಳ ಬಂಗಲೆಯಲ್ಲಿ ಬಂದು ಸೇರಿತು. ಲೀ-ಎನ್‌ಫೀಲ್ಡ್ ಕೋವಿಯ ತುದಿಗೆ ಸಿಕ್ಕಿಸುವ ಬಯೋನೆಟ್ಟಿನ ಬುಡದಲ್ಲಿ ಕಿರೀಟದ ಗುರುತು, ಅದರ ಕೆಳಗೆ 1907 ಎಂಬ ಅಂಕಿ ಇರುತ್ತದೆ. ಅದು ಮಾಡಿದ ವರ್ಷವಲ್ಲ, ಮಾದರಿಯ ಹೆಸರು. ಮಾಡಿದ ತಿಂಗಳು, ವರ್ಷ ಅದರ ಕೆಳಗೆ ಸಣ್ಣದಾಗಿ ಇರುತ್ತದೆ, ಜೊತೆಗೆ ಸ್ಯಾಂಡರ್ಸನ್, ವಿಲ್ಕಿನ್‌ಸನ್ ಎಂದು ತಯಾರಕರ ಹೆಸರು. ಮತ್ತೊಂದು ಪಕ್ಕದಲ್ಲಿ ಸರಕಾರಿ ಬಾಣದ ಗುರುತು, ಬಾಗಿಸಿ ಪರೀಕ್ಷಿಸಿದ್ದಕ್ಕೆ ಹೊಡೆದ ಎಕ್ಸ್ ಗುರುತು. ಭಾರತ ಸರಕಾರದ ಸಾಮಾನಾದರೆ ಬಾಣದ ಕೆಳಗೆ ಇಂಗ್ಲಿಷಿನ ಐ ಅಕ್ಷರ. ಅಲಗು 17 ಅಂಗುಲ, ಎರಡೂ ಪಕ್ಕದಲ್ಲಿ ಉದ್ದಕ್ಕೆ ಕಾಲುವೆಯಂಥ ಗಾಡಿ. 1913ರ ಮೊದಲು ಅಡ್ಡಪಟ್ಟಿಯ ಕೆಳಗೆ ಕೊಕ್ಕೆ ಇರುತ್ತಿತ್ತು, ಆಮೇಲೆ ಬಿಟ್ಟರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಭಾರತದಲ್ಲಿ ಇವನ್ನು 12 ಅಂಗುಲಕ್ಕೆ ಗಿಡ್ಡ ಮಾಡಿದರು.

ಕಮಾಂಡೋ ಬಾಕಿನ ಕತೆಯೇ ಬೇರೆ. ಶಾಂಘಾಯ್ ಪೊಲೀಸಿನಲ್ಲಿದ್ದ ಫೇರ್‌ಬೈರ್ನ್, ಸೈಕ್ಸ್ ಎಂಬಿಬ್ಬರು ರೂಪಿಸಿ, ವಿಲ್ಕಿನ್‌ಸನ್ ಕಂಪನಿ ಮಾಡಿಕೊಟ್ಟದ್ದು 1940ರ ಕೊನೆ, 1941ರ ಆರಂಭದಲ್ಲಿ. ಎರಡೂ ಕಡೆ ಹರಿತ, ಸೂಜಿಮೊನೆ. ಗಾಡಿ ಇಲ್ಲ, ನಡುವೆ ಏಣು. ಮೊದಲ ಮಾದರಿಯ ಅಡ್ಡಪಟ್ಟಿ ಎಸ್ ಅಕ್ಷರದಂತೆ ಬಾಗಿತ್ತು. ಮೂರನೆಯ ಮಾದರಿಯ ಹಿಡಿಗೆ ಉಂಗುರ ಉಂಗುರದ ಎರಕ. ಪ್ರಪಂಚದಲ್ಲಿ ಅತಿ ಹೆಚ್ಚು ನಕಲಾಗುವ ಬಾಕುಗಳಲ್ಲಿ ಇದೂ ಒಂದು. ಈಗಲೂ ಹೊಸದು ಮಾಡುತ್ತಾರೆ, ಈಗಲೂ ಯುದ್ಧಕಾಲದ್ದೆಂದು ಮಾರುತ್ತಾರೆ.

ಕಾನೂನಿನ ಮಾತನ್ನೂ ಕಿವಿಗೆ ಹಾಕಿಕೋ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಕಳಿಸುವಂತಿಲ್ಲ. ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಆಯುಧದ ಅಲಗು ಶಸ್ತ್ರಾಸ್ತ್ರ ನಿಯಮಗಳಲ್ಲಿ ಬರುತ್ತದೆ. ಕೊಳ್ಳುವ ಮೊದಲು ಠಾಣೆಯಲ್ಲಿ ವಿಚಾರಿಸು. ಕೊಡವರಿಗೆ ಇರುವ ವಿನಾಯಿತಿ ನಮಗಿಲ್ಲ. ಹಿಡಿ ದಂತದ್ದು ಅಥವಾ ಕಡವೆ ಕೊಂಬಿನದು ಎಂದು ಯಾರಾದರೂ ಹೊಗಳಿದರೆ ಅಲ್ಲಿಂದ ಎದ್ದು ಬಾ. ಅದು ಅಸಲಿಯಾದರೆ ವನ್ಯಜೀವಿ ಕಾಯ್ದೆಯ ಅಪರಾಧ, ನಕಲಿಯಾದರೆ ಮೋಸ. ಎರಡೂ ನಿನಗೆ ಬೇಡ. ಅಗೆಯುವಾಗ ಏನಾದರೂ ಸಿಕ್ಕರೆ ಬಚ್ಚಿಡಬೇಡ, ಜಿಲ್ಲಾಧಿಕಾರಿಗೆ ತಿಳಿಸು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಳೇ ಬಾವಿಯೊಂದರಿಂದ ಪುರಾತತ್ವ ಇಲಾಖೆಯವರು ಟಿಪ್ಪು ಕಾಲದ್ದೆನ್ನಲಾದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ತೆಗೆದರು. ಮಣ್ಣು ಮೆತ್ತಿದ, ತುಕ್ಕು ತಿಂದ ಕಬ್ಬಿಣದ ಕೊಳವೆಗಳು, ಒಳಗೆ ಮದ್ದಿನ ಹುಡಿ. ಯಾವ ಬಾವಿ, ಎಷ್ಟು ಆಳ, ಯಾವುದರ ಪಕ್ಕ ಯಾವುದು ಎಂಬುದೆಲ್ಲ ಬರಹದಲ್ಲಿ ಉಳಿದದ್ದರಿಂದ ಅವು ಇತಿಹಾಸವಾದವು. ಒಂದೊಂದಾಗಿ ಕದ್ದು ಮಾರಿದ್ದರೆ ಗುಜರಿಯಾಗುತ್ತಿದ್ದವು.

ಮನೆಯಲ್ಲಿರುವುದನ್ನು ಕೆಡಿಸಬೇಡ. ಆಯುಧಪೂಜೆ ಬಂತೆಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡ, ಮರಳು ಕಾಗದ ಮುಟ್ಟಿಸಬೇಡ, ಸಾಣೆ ಹಿಡಿಸಬೇಡ. ಕುಂಕುಮವನ್ನು ಅಲಗಿಗೆ ಹಚ್ಚದೆ ಕೆಳಗಿನ ಮಣೆಗೆ ಹಚ್ಚು. ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಮಳೆಗಾಲದಲ್ಲಿ ಒರೆಯಿಂದ ಹೊರಗಿಡು. ಚರ್ಮದ ಒರೆ ಥಂಡಿ ಹೀರಿ ಅಲಗನ್ನು ತಿನ್ನುತ್ತದೆ.

ಇನ್ನು ನಿನ್ನ ಬಾಕು. ಅದು ಕಮಾಂಡೋ ಬಾಕಲ್ಲ. 1907ರಲ್ಲಿ ಕಮಾಂಡೋ ಬಾಕು ಹುಟ್ಟಿಯೇ ಇರಲಿಲ್ಲ. ಹಿಡಿಯ ತುದಿಯಲ್ಲಿ ಒಂದು ಸೀಳು ಇದೆ ನೋಡು, ಹಗ್ಗ ಪೋಣಿಸಲು ಎಂದು ನಿನಗೆ ಹೇಳಿದ್ದಾರೆ. ಅದು ಕೋವಿಗೆ ಕೂರುವ ಜಾಗ. ಅಡ್ಡಪಟ್ಟಿಯ ಮೇಲ್ತುದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದ್ದಾರೆ. ಕೋವಿಯ ಮೂತಿಗೆ ಕೂರುವ ಉಂಗುರ ಅಲ್ಲಿತ್ತು. ಅಲಗಿನ ಗಾಡಿ ಮೊನೆಯವರೆಗೂ ಹರಿದು ಥಟ್ಟನೆ ನಿಂತಿದೆ. ಕಡಿಯದ 17 ಅಂಗುಲದ ಅಲಗಿನಲ್ಲಿ ಗಾಡಿ ಮೊನೆಗಿಂತ ಮುಂಚೆಯೇ ಮುಗಿಯುತ್ತದೆ. 1907ರ ಕೆಳಗೆ ಅರ್ಧ ಅಳಿಸಿದ 17 ಎಂಬ ಅಂಕಿ ಓರೆಬೆಳಕಿಗೆ ಹಿಡಿದಾಗ ನನಗೆ ಕಂಡಿತು. ಅದು 1917ರ ಬಯೋನೆಟ್, ಮೊದಲ ಮಹಾಯುದ್ಧದ್ದು. ನಮ್ಮ ಕಡೆಯ ಯಾರೋ ಆಚಾರಿ ಕುಲುಮೆಯಲ್ಲಿ ಅದನ್ನು ಕಡಿದು, ಬೀಟೆಮರದ ಹಿಡಿ ಹಾಕಿ, ತೋಟಕ್ಕೆ ಕತ್ತಿ ಮಾಡಿಕೊಟ್ಟಿದ್ದಾನೆ. ಹಿಡಿಯಲ್ಲಿ ಹೆಬ್ಬೆರಳ ತಗ್ಗಿದೆ. ಬಾಯಿಯ ನಡುಭಾಗ ಮಸೆಗಲ್ಲಿಗೆ ಸವೆದಿದೆ. ಎಲ್ಲ ಸವೆತವೂ ಇರಬೇಕಾದ ಜಾಗದಲ್ಲೇ ಇದೆ.

ಹಾಗಾಗಿ ಹೇಳಿದ ಕತೆ ಸುಳ್ಳು, ವಸ್ತು ನಿಜ. ಹದಿನಾಲ್ಕು ಸಾವಿರ ಹೆಚ್ಚಾಯಿತು. ಪರವಾಗಿಲ್ಲ, ನನ್ನ ಮೂರು ತಿಂಗಳ ಸಂಬಳಕ್ಕಿಂತ ನಿನಗೆ ಒಳ್ಳೆಯದೇ ಸಿಕ್ಕಿದೆ. ಟಿಪ್ಪು ಕಠಾರಿಗೆ ಮುಂಗಡ ಕೊಡಬೇಡ. ಆ ದುಡ್ಡಿನಲ್ಲಿ ಹಳೇಬೀಡು, ಮಡಿಕೇರಿ ಕೋಟೆಯ ವಸ್ತುಸಂಗ್ರಹಾಲಯ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆ, ಶ್ರೀರಂಗಪಟ್ಟಣದ ದರಿಯಾ ದೌಲತ್ ಸುತ್ತಿ ಬಾ. ಒಂದು ವರ್ಷ ಬರೀ ನೋಡು, ಕೊಳ್ಳಬೇಡ.

ಮತ್ತೆ ಒಂದು ಕೆಲಸ ಇವತ್ತೇ ಮಾಡು. ಒಂದು ದಪ್ಪ ಕಾಗದದಲ್ಲಿ ಬರೆ: ಅಜ್ಜನ ಮರಗಸಿ ಕತ್ತಿ, ವಸ್ತಾರೆ, ಎಡಗೈಯವರದ್ದು, ಮಾಡಿದ ಆಚಾರಿಯ ಹೆಸರು, ಎಷ್ಟು ವರ್ಷ ಬಳಸಿದರು. ಆಚಾರಿಯ ಹೆಸರು ನನಗೆ ಗೊತ್ತಿದೆ, ನಾನಿರುವಾಗಲೇ ಬಂದು ಕೇಳಿ ಬರೆದುಕೋ. ದಾರದಲ್ಲಿ ಆ ಕಾಗದವನ್ನು ಹಿಡಿಗೆ ಕಟ್ಟು.